ವಿಮಾ ಕಂಪನಿಯೇ ದಿವಾಳಿಯಾದರೆ ಕ್ಲೇಮು ಏನಾಗುತ್ತದೆ? ಮೊದಲೇ ಬಂದ ಹಣ ವಾಪಸ್ ಕೊಡಬೇಕಾ?

ಪ್ರಶ್ನೆ: ರಾಯಚೂರು ಹತ್ತಿರ ನಮ್ಮದೊಂದು ಸಣ್ಣ ಜಿನ್ನಿಂಗ್ ಫ್ಯಾಕ್ಟರಿ ಇದೆ. ಶಾರ್ಟ್ ಸರ್ಕ್ಯೂಟ್ ಆಗಿ ಗೋದಾಮಿನ ಅರಳೆ ಸುಟ್ಟುಹೋಯಿತು. ಸರ್ವೇಯರ್ ಬಂದು ನೋಡಿ 60 ಲಕ್ಷ ನಷ್ಟ ಅಂತ ಲೆಕ್ಕ ಹಾಕಿದ್ದಾರೆ. ಹಣ ಇನ್ನೂ ಬಂದಿಲ್ಲ. ಈಗ ನೋಡಿದರೆ ಆ ವಿಮಾ ಕಂಪನಿಯೇ ಮುಚ್ಚುತ್ತದೆ ಅಂತ ವಾಟ್ಸ್ಯಾಪ್‌ನಲ್ಲಿ ಸುದ್ದಿ ಓಡಾಡುತ್ತಿದೆ. ನಮ್ಮ ಭಾವನವರದು ಲಾರಿ ಬಾಡಿ ಗ್ಯಾರೇಜು. ಅವರಿಗೆ ಇದೇ ಕಂಪನಿಯಿಂದ ಎರಡು ತಿಂಗಳ ಹಿಂದೆ 9 ಲಕ್ಷ ಬಂದಿದೆ. ಕಂಪನಿ ಮುಚ್ಚಿದರೆ ಅದನ್ನು ವಾಪಸ್ ಕೇಳ್ತಾರಾ? ನನ್ನ 60 ಲಕ್ಷದ ಗತಿ ಏನು? ಮನೆಯಲ್ಲಿ ತಾಯಿಯವರ ಹೆಸರಲ್ಲಿ ಅದೇ ಬ್ರಾಂಡಿನ ಜೀವ ವಿಮೆಯೂ ಇದೆ. ಮಧ್ಯವರ್ತಿಯೊಬ್ಬರು "ಹತ್ತು ಪರ್ಸೆಂಟ್ ಕೊಡಿ, ಬಾಗಿಲು ಹಾಕೋ ಮುಂಚೆ ನಿಮ್ಮ ಹಣ ಬಿಡಿಸ್ತೀನಿ" ಅಂತಿದ್ದಾರೆ. ಕೊಡಲಾ?

ಉತ್ತರ: ಸಾವಕಾರ್ರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆ ಹತ್ತು ಪರ್ಸೆಂಟ್ ಕೊಡಬೇಡಿ. ಲಂಚ ತಪ್ಪು ಅನ್ನುವ ಮಾತನ್ನು ಬದಿಗಿಟ್ಟರೂ ಇದು ಲುಕ್ಸಾನಿನ ವ್ಯಾಪಾರ. ಸಾಲು ತಪ್ಪಿಸಿ ಪಡೆದ ಹಣವನ್ನು ಕಾನೂನು ನಾಳೆ ವಾಪಸ್ ಕೇಳಬಹುದು. ಆಗ 60 ಲಕ್ಷ ನೀವು ಕಕ್ಕಬೇಕಾಗುತ್ತದೆ. ಮಧ್ಯವರ್ತಿಯ ಜೇಬಿಗೆ ಹೋದ 6 ಲಕ್ಷ ಮಾತ್ರ ನಿಮಗೆ ಯಾರೂ ಕೊಡುವುದಿಲ್ಲ.

ಇದು ಯಾಕೆ ಹೀಗೆ ಅಂತ ತಿಳಿಯಲು ನಮ್ಮ ಮನೆಯ ಒಂದು ಹಳೆಯ ಕಥೆ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮಪ್ಪ ಬಳ್ಳಾರಿ ಎಪಿಎಂಸಿಯ ಒಂದು ದಲಾಲಿ ಅಂಗಡಿಗೆ ಶೇಂಗಾ ಹಾಕುತ್ತಿದ್ದರು. ಒಂದು ವರ್ಷ ದಲಾಲಿ ಕೈ ಎತ್ತಿದ. ಬೆಳಿಗ್ಗೆ ಹೋಗಿ ನೋಡಿದರೆ ಅಂಗಡಿಗೆ ಬೀಗ. ಮುಂದೆ ನಲವತ್ತು ಐವತ್ತು ಜನ ರೈತರು, ಎಲ್ಲರ ಕೈಯಲ್ಲೂ ಅದೇ ಅಂಗಡಿಯ ಪಟ್ಟಿ. ಆಮೇಲೆ ಒಂದೊಂದೇ ಸಂಗತಿ ಹೊರಗೆ ಬಂತು. ಹಿಂದಿನ ವಾರವೇ ಅವನು ತನ್ನ ಮಾವನ ಬಾಕಿ ಪೂರ್ತಿ ಚುಕ್ತಾ ಮಾಡಿದ್ದ. ಮನೆಯನ್ನು ಹೆಂಡತಿ ಹೆಸರಿಗೆ ಬರೆದಿದ್ದ. ತೂಕದ ಕಾಟಾ, ಖಾಲಿ ಗೋಣಿಚೀಲ ಸಹ ತಮ್ಮನ ಗೋದಾಮು ಸೇರಿದ್ದವು. ಹಿರಿಯರು ಕೂತು ಉಳಿದಿದ್ದನ್ನು ಹಂಚಿದಾಗ ನಮ್ಮಪ್ಪನಿಗೆ ಸಿಕ್ಕಿದ್ದು ರೂಪಾಯಿಗೆ ನಾಲ್ಕಾಣೆ. "ಅವನ ಮಾವನಿಗೆ ಹದಿನಾರಾಣೆ, ನನಗೆ ನಾಲ್ಕಾಣೆ. ಇಬ್ಬರೂ ಕೊಟ್ಟಿದ್ದು ಒಂದೇ ಮಾಲು, ಅಲ್ವಾ?" ಅಂತ ಅಪ್ಪ ಎಷ್ಟೋ ವರ್ಷ ಕೇಳುತ್ತಿದ್ದರು.

ಅಪ್ಪನ ಆ ಪ್ರಶ್ನೆಗೆ ಕಂಪನಿ ಕಾನೂನಿನಲ್ಲಿ ಉತ್ತರ ಇದೆ. ಕಂಪನಿ ಮುಳುಗುವ ಹೊತ್ತಿಗೆ ಯಾರ ಕೈಗೆ ಏನು ಹೋಯಿತು ಅಂತ ಹಿಂದಕ್ಕೆ ತಿರುಗಿ ನೋಡುವ ಅಧಿಕಾರ, ಅದರ ಆಸ್ತಿ ಮಾರಿ ಬಾಕಿ ಹಂಚಲು ನೇಮಕವಾದ ಅಧಿಕಾರಿ, ಅಂದರೆ ಲಿಕ್ವಿಡೇಟರ್‌ಗೆ ಇದೆ. ಮಾವನಿಗೆ ಹೋದದ್ದನ್ನು ವಾಪಸ್ ತಂದು ಎಲ್ಲರ ರಾಶಿಗೆ ಸೇರಿಸಬಹುದು. ನಿಮ್ಮ ಭಾವನವರ 9 ಲಕ್ಷದ ಪ್ರಶ್ನೆಯೂ ಇಲ್ಲೇ ಬರುತ್ತದೆ. ನಿಮ್ಮ 60 ಲಕ್ಷದಲ್ಲಿ ಎಷ್ಟು ಸಿಗುತ್ತದೆ ಅನ್ನುವುದೂ ಇದರ ಮೇಲೇ ನಿಂತಿದೆ.

ಅದಕ್ಕೂ ಮುಂಚೆ ವಾಟ್ಸ್ಯಾಪ್ ಸುದ್ದಿಯ ಬಗ್ಗೆ ಒಂದು ಮಾತು. ವಿಮಾ ಕಂಪನಿ ಕಿರಾಣಿ ಅಂಗಡಿಯ ಹಾಗೆ ರಾತ್ರೋರಾತ್ರಿ ಬಾಗಿಲು ಹಾಕುವುದಿಲ್ಲ. ಪ್ರತಿ ಕಂಪನಿಗೂ ಸಾಲ್ವೆನ್ಸಿ ಅನುಪಾತ, ಅಂದರೆ ಬಾಕಿ ತೀರಿಸುವ ತಾಕತ್ತಿನ ಒಂದು ಅಳತೆ ಇದೆ. ಅದು 1.5ಕ್ಕಿಂತ ಕೆಳಗೆ ಇಳಿಯಬಾರದು. ಮೂರು ತಿಂಗಳಿಗೊಮ್ಮೆ ಕಂಪನಿ ಅದನ್ನು ತನ್ನ ವೆಬ್‌ಸೈಟಿನ ಪಬ್ಲಿಕ್ ಡಿಸ್‌ಕ್ಲೋಷರ್ ಭಾಗದಲ್ಲಿ ಹಾಕಲೇಬೇಕು. ಮಗನಿಗೋ ನಿಮ್ಮ ಅಕೌಂಟೆಂಟ್‌ಗೋ ಹೇಳಿ, ಹತ್ತು ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಹಾಗಂತ 1.5ಕ್ಕಿಂತ ಕೆಳಗಿದ್ದ ತಕ್ಷಣ ಕಥೆ ಮುಗಿಯಿತು ಅಂತಲೂ ಅಲ್ಲ. ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಮೂರು, ಅಂದರೆ ನ್ಯಾಷನಲ್, ಓರಿಯಂಟಲ್ ಮತ್ತು ಯುನೈಟೆಡ್ ಇಂಡಿಯಾ, ಕೆಲವು ವರ್ಷ ಈ ಮಟ್ಟದ ಕೆಳಗೇ ಇದ್ದವು. ಸರ್ಕಾರ ಸಾವಿರಾರು ಕೋಟಿ ಬಂಡವಾಳ ಹಾಕಿತು, ಕ್ಲೇಮುಗಳು ನಡೆಯುತ್ತಲೇ ಇದ್ದವು. ಖಾಸಗಿ ಕಂಪನಿಗೆ ಹಾಗೆ ಹಾಕುವ ಧಣಿ ಸಿಗುತ್ತಾನಾ ಅನ್ನುವುದು ಬೇರೆ ಮಾತು.

ಇರಲಿ, ಕೆಟ್ಟದ್ದೇ ಆಯಿತು ಅಂದುಕೊಳ್ಳೋಣ. ಇಲ್ಲಿ ಬಹಳ ಜನ, ಕೆಲವು ವಕೀಲರು ಸಹ, ಒಂದು ತಪ್ಪು ಮಾಡುತ್ತಾರೆ. ಬೇರೆ ಕಂಪನಿ ಬಾಕಿ ಉಳಿಸಿಕೊಂಡರೆ 2016ರ ದಿವಾಳಿ ಸಂಹಿತೆಯ ಕೆಳಗೆ ಕಂಪನಿ ವ್ಯಾಜ್ಯಗಳ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಗೆ ಅರ್ಜಿ ಹಾಕುತ್ತೇವೆ. ವಿಮಾ ಕಂಪನಿಯ ಮೇಲೆ ಹಾಗೆ ಹಾಕಲು ಬರುವುದಿಲ್ಲ. ಆ ಕಾಯ್ದೆ ಹಣಕಾಸು ಸೇವೆ ಕೊಡುವ ಕಂಪನಿಗಳನ್ನು ಹೊರಗಿಟ್ಟಿದೆ. 2019ರಲ್ಲಿ ಸರ್ಕಾರ ದೊಡ್ಡ ಫೈನಾನ್ಸ್ ಕಂಪನಿಗಳಿಗೆ ಮಾತ್ರ ಬಾಗಿಲು ತೆರೆಯಿತು, ಮನೆ ಸಾಲ ಕೊಡುತ್ತಿದ್ದ ಡಿಎಚ್‌ಎಫ್‌ಎಲ್ ಆ ದಾರಿಯಲ್ಲೇ ಹೋಗಿದ್ದು. ವಿಮಾ ಕಂಪನಿಗಳ ದಾರಿ ಹಳೆಯದೇ: 1938ರ ವಿಮಾ ಕಾಯ್ದೆಯ 53ನೇ ಸೆಕ್ಷನ್, ಅದರ ಜೊತೆಗೆ ಕಂಪನಿ ಕಾಯ್ದೆ. ಮುಖ್ಯವಾಗಿ ಅರ್ಜಿ ಹಾಕುವುದು ವಿಮಾ ನಿಯಂತ್ರಕ ಐಆರ್‌ಡಿಎಐ. ಜೀವ ವಿಮೆಯ ಪಾಲಿಸಿದಾರರಿಗೂ ಒಂದು ಕಿಂಡಿ ಇಟ್ಟಿದ್ದಾರೆ: ಮೂರು ವರ್ಷ ಹಳೆಯ ಪಾಲಿಸಿ ಇರುವ ಕನಿಷ್ಠ 50 ಜನ ಸೇರಬೇಕು, ಎಲ್ಲ ಪಾಲಿಸಿಯ ಒಟ್ಟು ಮೌಲ್ಯ 50 ಸಾವಿರ ರೂಪಾಯಿ ಇರಬೇಕು, ಮೊದಲು ಕೋರ್ಟಿನ ಅನುಮತಿಯೂ ಬೇಕು. ಆ ಕಾಲದ 50 ಸಾವಿರ ಅಂದರೆ ದೊಡ್ಡ ಮಾತು. ಈಗ ಒಂದೇ ಸಣ್ಣ ಪಾಲಿಸಿ ಅದಕ್ಕಿಂತ ಜಾಸ್ತಿ ಇರುತ್ತದೆ.

ಈಗ ನಿಮ್ಮ 60 ಲಕ್ಷದ ಲೆಕ್ಕ. ಸುಮ್ನೆ ಒಂದು ಉದಾಹರಣೆ ತೆಗೆದುಕೊಳ್ಳಿ. ಕಂಪನಿ ಮುಚ್ಚಿದ ದಿನ ಆಸ್ತಿ ಎಲ್ಲ ಮಾರಿದರೆ 52 ಕೋಟಿ ಬಂತು. ಲಿಕ್ವಿಡೇಟರ್ ಖರ್ಚು, ನೌಕರರ ಬಾಕಿ, ಆಸ್ತಿ ಅಡವಿಟ್ಟುಕೊಂಡ ಬ್ಯಾಂಕು, ಸರ್ಕಾರದ ಕೆಲವು ಬಾಕಿ ಅಂತ ಮೊದಲೇ 12 ಕೋಟಿ ಹೋಯಿತು. ಉಳಿದದ್ದು 40 ಕೋಟಿ. ನಿಮ್ಮಂಥ ಕ್ಲೇಮುದಾರರು, ಗ್ಯಾರೇಜಿನವರು, ಆಸ್ಪತ್ರೆಯವರು, ಪ್ರಿಂಟಿಂಗ್ ಪ್ರೆಸ್ಸಿನವರು, ಎಲ್ಲರ ಬಾಕಿ ಸೇರಿ 100 ಕೋಟಿ. ಆಗ ಎಲ್ಲರಿಗೂ ರೂಪಾಯಿಗೆ 40 ಪೈಸೆ. ನಿಮಗೆ 24 ಲಕ್ಷ. ಈಗ ಲಿಕ್ವಿಡೇಟರ್ ಹಳೆಯ ಲೆಕ್ಕ ಕೆದಕಿ, ತಪ್ಪಾಗಿ ಹೊರಗೆ ಹೋಗಿದ್ದ 10 ಕೋಟಿ ವಾಪಸ್ ತಂದ ಅನ್ನಿ. 40 ಪೈಸೆ 50 ಪೈಸೆಯ ಹತ್ತಿರ ಹೋಗುತ್ತದೆ, ನಿಮ್ಮ ಪಾಲು 30 ಲಕ್ಷದ ಹತ್ತಿರ. ಆದ್ದರಿಂದ ಯಾರದೋ ಹಣ ಕಿತ್ತುಕೊಳ್ಳುತ್ತಾರೆ ಅಂತ ಲಿಕ್ವಿಡೇಟರ್ ಮೇಲೆ ಸಿಟ್ಟಾಗುವ ಮೊದಲು, ನೀವು ಯಾವ ಕಡೆ ನಿಂತಿದ್ದೀರಿ ಅಂತ ನೋಡಿಕೊಳ್ಳಿ.

ಅಮೆರಿಕದಲ್ಲಿ ಇದಕ್ಕೆ ಬೇರೆ ವ್ಯವಸ್ಥೆ ಇದೆ. ಅಲ್ಲಿ ಆಯಾ ರಾಜ್ಯದ ವಿಮಾ ಕಮಿಷನರ್ ಕಂಪನಿಯನ್ನು ವಶಕ್ಕೆ ಪಡೆಯುವ ರಿಸೀವರ್ ಆಗಿ ಬಂದು ಕೂರುತ್ತಾರೆ. ಪಾಲಿಸಿದಾರರ ಕ್ಲೇಮಿಗೆ ಬಾಕಿ ಬರಬೇಕಾದ ಸಾಮಾನ್ಯ ಜನರಿಗಿಂತ ಮುಂದಿನ ಸಾಲು. ಅದರ ಮೇಲೆ ಒಂದು ಮಿತಿಯ ತನಕ ಕ್ಲೇಮು ತುಂಬಿಕೊಡುವ ಗ್ಯಾರಂಟಿ ಸಂಘ ಪ್ರತಿ ರಾಜ್ಯದಲ್ಲೂ ಇದೆ. ನಮ್ಮಲ್ಲಿ ಬ್ಯಾಂಕ್ ಠೇವಣಿಗೆ 5 ಲಕ್ಷದ ತನಕ ವಿಮೆ ಇದೆ, ವಿಮೆಗೇ ವಿಮೆ ಇಲ್ಲ! ನಿಮ್ಮ ಬೆಂಕಿ ಪಾಲಿಸಿಯಂಥ ಸಾಮಾನ್ಯ ವಿಮೆಯಲ್ಲಿ ನೀವು ಅಡವಿನ ಭದ್ರತೆ ಇಲ್ಲದೆ ಬಾಕಿ ಬರಬೇಕಾದವರ ಸಾಲಿನಲ್ಲಿ ನಿಲ್ಲುತ್ತೀರಿ. ಇದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ನನಗೆ ಬರುವುದಿಲ್ಲ.

ಇನ್ನು ಭಾವನವರ 9 ಲಕ್ಷ. ಇಲ್ಲಿ ತಾರೀಕೇ ಎಲ್ಲ. ಕಂಪನಿ ಮುಚ್ಚಲು ಅರ್ಜಿ ಹಾಕಿದ ದಿನವನ್ನು ಗೋಡೆಗೆ ಬಡಿದ ಮೊಳೆ ಅಂದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಅಳೆಯುತ್ತಾರೆ. 2013ರ ಕಂಪನಿ ಕಾಯ್ದೆಯ 328ನೇ ಸೆಕ್ಷನ್ ಪ್ರಕಾರ ಆ ದಿನದ ಹಿಂದಿನ ಆರು ತಿಂಗಳಲ್ಲಿ ಬಾಕಿ ಬರಬೇಕಾದ ಒಬ್ಬನಿಗೆ ಉಳಿದವರಿಗಿಂತ ಮಿಗಿಲಾಗಿ ಅನುಕೂಲ ಮಾಡಿಕೊಟ್ಟಿದ್ದರೆ ಎನ್‌ಸಿಎಲ್‌ಟಿ ಅದನ್ನು ರದ್ದು ಮಾಡಬಹುದು. 329ನೇ ಸೆಕ್ಷನ್ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. ಅದು ಆಸ್ತಿ, ಮಾಲು ಕೈ ಬದಲಾದ ವ್ಯವಹಾರಕ್ಕೆ. ದಿನನಿತ್ಯದ ವ್ಯಾಪಾರದ ಭಾಗವಾಗಿ ಆಗಿದ್ದರೆ, ಇಲ್ಲವೇ ಒಳ್ಳೆಯ ನಂಬಿಕೆಯಿಂದ ಸರಿಯಾದ ಬೆಲೆ ಕೊಟ್ಟು ತೆಗೆದುಕೊಂಡಿದ್ದರೆ ಅದಕ್ಕೆ ತೊಂದರೆ ಇಲ್ಲ. ಉಳಿದದ್ದು ಲಿಕ್ವಿಡೇಟರ್ ಮುಂದೆ ನಿಲ್ಲುವುದಿಲ್ಲ. ದಲಾಲಿ ತನ್ನ ಮನೆಯನ್ನು ಹೆಂಡತಿ ಹೆಸರಿಗೆ ಬರೆದನಲ್ಲ, ಒಬ್ಬ ಡೈರೆಕ್ಟರ್ ಕಂಪನಿಯ ಜಾಗವನ್ನು ತನ್ನವರಿಗೆ ಅರ್ಧ ಬೆಲೆಗೆ ಬರೆದರೆ ಈ ಬಲೆಯಲ್ಲೇ ಬೀಳುತ್ತಾನೆ.

ಭಾವನವರ ಹಣ ಎರಡು ತಿಂಗಳ ಹಿಂದಿನದು. ಅರ್ಜಿ ಇವತ್ತೇ ಬಿದ್ದರೆ ಆರು ತಿಂಗಳ ಒಳಗೇ ಬರುತ್ತದೆ. ಒಳಗೆ ಬಂತು ಅಂದ ಮಾತ್ರಕ್ಕೆ ಹೋಯಿತು ಅಂತಲ್ಲ. ಕೋರ್ಟುಗಳು ಮೊದಲಿನಿಂದಲೂ ಕೇಳುವ ಪ್ರಶ್ನೆ ಒಂದೇ: ಕಂಪನಿ ಬೇಕಂತಲೇ ಇವನನ್ನು ಮುಂದೆ ತಂದಿತಾ, ಅಥವಾ ವ್ಯಾಪಾರದ ರೂಢಿಯಲ್ಲಿ, ಬಾಕಿ ಕೇಳಿದ್ದಕ್ಕೆ ಕೊಟ್ಟಿತಾ? ಲಾರಿ ಅಪಘಾತವಾಯಿತು, ಗ್ಯಾರೇಜಿಗೆ ಬಂತು, ಸರ್ವೇಯರ್ ನೋಡಿದ, ಅಂದಾಜು ಪಾಸಾಯಿತು, ರಿಪೇರಿ ಆಯಿತು, ಬಿಲ್ ಹೋಯಿತು, ಎಲ್ಲರಿಗೂ ಬರುವ ಹಾಗೆ ಒಂದೂವರೆ ತಿಂಗಳಿಗೆ ಹಣ ಬಂತು. ಹೀಗಿದ್ದರೆ ಭಾವನವರು ನೆಮ್ಮದಿಯಾಗಿ ನಿದ್ದೆ ಮಾಡಬಹುದು. ಜಾಬ್ ಕಾರ್ಡ್, ಬಿಡಿಭಾಗದ ಬಿಲ್ಲು, ಹಳೆಯ ಭಾಗಗಳ ಫೋಟೋ, ಜಿಎಸ್‌ಟಿ ಇನ್‌ವಾಯ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಇಷ್ಟನ್ನು ಒಂದು ಫೈಲಿನಲ್ಲಿ ಇಡಲು ಹೇಳಿ.

ಕಥೆ ಬೇರೆ ಇದ್ದರೆ ಉತ್ತರವೂ ಬೇರೆ. ಮೂರು ವರ್ಷದ ಹಳೆಯ ತಕರಾರಿನ ಬಿಲ್ಲುಗಳು ಒಂದೇ ದಿನ ಗಂಟು ಕಟ್ಟಿ ಪಾಸಾದವಾ? ಬ್ರಾಂಚಿನಲ್ಲಿ ಯಾರಾದರೂ ಸಂಬಂಧಿಕರಿದ್ದಾರಾ? ಪಕ್ಕದ ನಾಲ್ಕು ಗ್ಯಾರೇಜಿನವರಿಗೆ ಆರು ತಿಂಗಳಿಂದ ಒಂದು ಪೈಸೆ ಇಲ್ಲದಾಗ ಇವರೊಬ್ಬರಿಗೆ ಮಾತ್ರ ಬಂತಾ? ಇವಕ್ಕೆ ಹೌದು ಅನ್ನುವ ಉತ್ತರ ಇದ್ದರೆ ಈಗಲೇ ಒಬ್ಬ ಕಂಪನಿ ವಕೀಲರನ್ನು ಕಾಣಲಿ. ಹಣ ವಾಪಸ್ ಕೊಡಬೇಕಾಗಿ ಬಂದರೂ ಬಾಕಿ ಸತ್ತುಹೋಗುವುದಿಲ್ಲ. ಅದು ಮತ್ತೆ ಜೀವ ಬಂದು ಕ್ಲೇಮಿನ ಪಟ್ಟಿಗೆ ಸೇರುತ್ತದೆ, ಎಲ್ಲರ ಜೊತೆ ಪೈಸೆ ಲೆಕ್ಕದಲ್ಲಿ ಬರುತ್ತದೆ.

ಮೊಳೆಯ ಈ ಕಡೆ, ಅಂದರೆ ಅರ್ಜಿ ಬಿದ್ದ ಮೇಲೆ ಕಂಪನಿಯಿಂದ ಹೊರಗೆ ಹೋದ ಹಣದ ಕಥೆ ಇನ್ನೂ ಕಟ್ಟುನಿಟ್ಟು. 334ನೇ ಸೆಕ್ಷನ್ ಪ್ರಕಾರ ಎನ್‌ಸಿಎಲ್‌ಟಿ ಬೇರೆ ಹೇಳದಿದ್ದರೆ ಅದು ನೇರವಾಗಿ ಅಸಿಂಧು. ಇಲ್ಲಿ ಉದ್ದೇಶ ಒಳ್ಳೆಯದಾ ಕೆಟ್ಟದ್ದಾ ಅಂತ ಯಾರೂ ಮೊದಲು ಕೇಳುವುದಿಲ್ಲ. ಎನ್‌ಸಿಎಲ್‌ಟಿ ಮುಚ್ಚುವ ಆದೇಶ ಕೊಡುವುದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಆದರೆ ಕೊಟ್ಟ ಮೇಲೆ ಲೆಕ್ಕ ಶುರುವಾಗುವುದು ಅರ್ಜಿ ಹಾಕಿದ ದಿನದಿಂದ. ನಿಮ್ಮ ಮಧ್ಯವರ್ತಿ "ಬಾಗಿಲು ಹಾಕೋ ಮುಂಚೆ" ಅಂದನಲ್ಲ, ಅವನ ಲೆಕ್ಕದ ಬಾಗಿಲೇ ಬೇರೆ, ಕಾನೂನಿನ ಬಾಗಿಲೇ ಬೇರೆ. ಅವನ ಪ್ರಕಾರ ತೆರೆದಿರುವ ಹೊತ್ತಿಗೇ ಕಾನೂನಿನ ಪ್ರಕಾರ ಮುಚ್ಚಿರಬಹುದು.

ಡೈರೆಕ್ಟರುಗಳೇ ಗಂಟು ಹೊಡೆದಿದ್ದರೆ? ಕಂಪನಿ ಕಾಯ್ದೆಯ 340ನೇ ಸೆಕ್ಷನ್ ಮತ್ತು ವಿಮಾ ಕಾಯ್ದೆಯ 106ನೇ ಸೆಕ್ಷನ್ ಇರುವುದೇ ಅದಕ್ಕೆ. ತಿಂದದ್ದನ್ನು ಅವರ ಸ್ವಂತ ಜೇಬಿನಿಂದ ಕಟ್ಟಿಸಬಹುದು. ಇದು ನಮ್ಮ ದೇಶಕ್ಕೆ ಹೊಸದಲ್ಲ. 1955ರ ಡಿಸೆಂಬರ್‌ನಲ್ಲಿ ಸಂಸದ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಭಾರತ್ ಇನ್ಶೂರೆನ್ಸ್ ಕಂಪನಿಯ ಹಣ ಹೇಗೆ ಹೊರಗೆ ಹರಿಯಿತು ಅಂತ ಎಳೆ ಎಳೆಯಾಗಿ ಬಿಡಿಸಿಟ್ಟರು. ಆ ಕಂಪನಿಯ ಅಧ್ಯಕ್ಷ ರಾಮಕೃಷ್ಣ ದಾಲ್ಮಿಯಾ ಜೈಲಿಗೆ ಹೋದದ್ದು ಆ ಪ್ರಕರಣದಲ್ಲೇ. 1956ರಲ್ಲಿ ಜೀವ ವಿಮೆಯನ್ನು ಸರ್ಕಾರ ತೆಗೆದುಕೊಳ್ಳುವಾಗ ಹಣಕಾಸು ಮಂತ್ರಿ ಸಿ. ಡಿ. ದೇಶಮುಖ್ ಕೊಟ್ಟ ಲೆಕ್ಕ ಹೀಗಿತ್ತು: ಹಿಂದಿನ ಹತ್ತು ವರ್ಷದಲ್ಲಿ 25 ಜೀವ ವಿಮಾ ಕಂಪನಿಗಳು ಮುಚ್ಚಿದವು, ಇನ್ನೂ 25 ಕಂಪನಿಗಳ ವ್ಯವಹಾರವನ್ನು ಪಾಲಿಸಿದಾರರಿಗೆ ನಷ್ಟವಾಗುವ ಹಾಗೆ ಬೇರೆಯವರಿಗೆ ವಹಿಸಬೇಕಾಯಿತು. ಅಜ್ಜಂದಿರು ವಿಮೆ ಅಂದರೆ ಮೂಗು ಮುರಿಯುತ್ತಿದ್ದದ್ದು ಸುಮ್ನೆ ಅಲ್ಲ.

ತಾಯಿಯವರ ಪಾಲಿಸಿ ಬಗ್ಗೆ ಇಷ್ಟು ಚಿಂತೆ ಬೇಡ. ಬ್ರಾಂಡ್ ಒಂದೇ ಇದ್ದರೂ ಜೀವ ವಿಮೆಯ ಕಂಪನಿ ಬೇರೆ, ಬೆಂಕಿ ವಿಮೆಯ ಕಂಪನಿ ಬೇರೆ. ಬಾಂಡಿನ ಕೆಳಗೆ ಪೂರ್ತಿ ಹೆಸರು ಓದಿ. ಜೀವ ವಿಮೆಯ ನಿಧಿ ಪಾಲಿಸಿದಾರರಿಗೆ ಮೀಸಲು ಅಂತ ವಿಮಾ ಕಾಯ್ದೆಯ 10ನೇ ಸೆಕ್ಷನ್ ಹೇಳುತ್ತದೆ, ಬೇರೆ ಬಾಕಿಯವರು ಅದಕ್ಕೆ ಕೈ ಹಾಕುವಂತಿಲ್ಲ. ಕಂಪನಿ ಹಳಿ ತಪ್ಪಿದರೆ ಐಆರ್‌ಡಿಎಐ ಒಬ್ಬ ಆಡಳಿತಾಧಿಕಾರಿಯನ್ನು ಕೂರಿಸಬಹುದು. ಪಾಲಿಸಿದಾರರಿಗೆ ಹಾನಿ ಮಾಡುವ ಒಪ್ಪಂದಗಳನ್ನು ರದ್ದು ಮಾಡುವ ಅಧಿಕಾರ ಆ ಅಧಿಕಾರಿಗೆ 52ಸಿ ಸೆಕ್ಷನ್‌ನಲ್ಲಿದೆ, ಪಾಲಿಸಿಗಳನ್ನು ಮಾತ್ರ ಮುಟ್ಟುವಂತಿಲ್ಲ. ಸಹಾರಾ ಲೈಫ್‌ನಲ್ಲಿ 2017ರ ಜೂನ್‌ನಲ್ಲಿ ಹೀಗೇ ಆಡಳಿತಾಧಿಕಾರಿ ಬಂದರು. 2023ರ ಜೂನ್‌ನಲ್ಲಿ ಅದರ ಸುಮಾರು 2 ಲಕ್ಷ ಪಾಲಿಸಿಗಳನ್ನು ಎಸ್‌ಬಿಐ ಲೈಫ್‌ಗೆ ವಹಿಸಲು ಐಆರ್‌ಡಿಎಐ ಆದೇಶ ಮಾಡಿತು. ಕೆಲವೇ ದಿನದಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದಕ್ಕೆ ತಡೆ ಕೊಟ್ಟಿತು. ಎಳೆದಾಟ ಇರುತ್ತದೆ, ಅಷ್ಟೇ. ಪಾಲಿಸಿ ಎಲ್‌ಐಸಿಯದಾಗಿದ್ದರೆ ಕೇಂದ್ರ ಸರ್ಕಾರದ ಗ್ಯಾರಂಟಿ ಇದೆ, 1956ರ ಕಾಯ್ದೆಯಲ್ಲೇ ಬರೆದಿದೆ. ತಾಯಿಯವರು ಕಂತು ಕಟ್ಟುವುದು ನಿಲ್ಲಿಸಬಾರದು. ಹೆದರಿ ಕಂತು ನಿಲ್ಲಿಸಿ ಪಾಲಿಸಿ ಲ್ಯಾಪ್ಸ್ ಮಾಡಿಕೊಂಡವರನ್ನು ನಾನು ಜಾಸ್ತಿ ನೋಡಿದ್ದೇನೆ, ಕಂಪನಿ ಮುಚ್ಚಿ ಕಳೆದುಕೊಂಡವರನ್ನು ಕಡಿಮೆ.

ಈಗ ನೀವು ಮಾಡಬೇಕಾದ ಕೆಲಸ. ಮೊದಲನೆಯದು, ಸರ್ವೇಯರ್ ವರದಿಯ ಪ್ರತಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ. "60 ಲಕ್ಷ ಅಂತ ಹೇಳಿದ್ರು" ಅನ್ನುವ ಮಾತು ಲಿಕ್ವಿಡೇಟರ್ ಮೇಜಿನ ಮೇಲೆ ತೂಗುವುದಿಲ್ಲ. ವರದಿ, ಪಾಲಿಸಿ, ಫೈರ್ ಬ್ರಿಗೇಡ್ ಪತ್ರ, ಪೊಲೀಸ್ ಪಂಚನಾಮೆ, ಬೆಂಕಿ ಬಿದ್ದ ದಿನದ ಸ್ಟಾಕ್ ರಿಜಿಸ್ಟರ್, ಎಪಿಎಂಸಿಯಲ್ಲಿ ಹತ್ತಿ ಕೊಂಡ ಪಟ್ಟಿಗಳು, ಇವೆಲ್ಲ ಬೇಕು. ಕಂಪನಿ ಕ್ಲೇಮನ್ನು ಇನ್ನೂ ಒಪ್ಪಿಲ್ಲ ಅಂದರೂ ಹೆದರಬೇಡಿ. ಮೊತ್ತ ತೀರ್ಮಾನ ಆಗದ ಬಾಕಿಯನ್ನೂ ಅಂದಾಜು ಹಾಕಿ ಪಟ್ಟಿಗೆ ಸೇರಿಸಬೇಕು ಅಂತ ಕಂಪನಿ ಕಾಯ್ದೆಯ 324ನೇ ಸೆಕ್ಷನ್ ಇದೆ.

ಹಣ ತಡವಾಗುತ್ತಿದೆ ಅನ್ನುವ ದೂರು 50 ಲಕ್ಷದ ತನಕ ಆದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ನೋಡುತ್ತಾರೆ. ನಿಮ್ಮದು ಅದಕ್ಕಿಂತ ಜಾಸ್ತಿ, ಹಾಗಾಗಿ ಗ್ರಾಹಕ ಆಯೋಗವೋ ಸಿವಿಲ್ ಕೋರ್ಟೋ ಆಗಬೇಕು. ಹಾಕುವುದಿದ್ದರೆ ಈಗಲೇ ಹಾಕಿ. ಮುಚ್ಚುವ ಆದೇಶ ಬಂದ ಮೇಲೆ ಎನ್‌ಸಿಎಲ್‌ಟಿ ಅನುಮತಿ ಇಲ್ಲದೆ ಹೊಸ ದಾವೆ ಹಾಕಲು ಬರುವುದಿಲ್ಲ, ನಡೆಯುತ್ತಿರುವ ದಾವೆಯೂ ನಿಲ್ಲುತ್ತದೆ.

ಆದೇಶ ಬಂದೇಬಿಟ್ಟರೆ ಲಿಕ್ವಿಡೇಟರ್ ಪೇಪರಿನಲ್ಲಿ ಜಾಹೀರಾತು ಕೊಟ್ಟು ಕ್ಲೇಮು ಸಲ್ಲಿಸಲು ಕೊನೆಯ ತಾರೀಕು ಹೇಳುತ್ತಾರೆ. ಕಂಪನಿಯ ರಿಜಿಸ್ಟರ್ಡ್ ಆಫೀಸು ಮುಂಬೈಯಲ್ಲಿದ್ದರೆ ಕೆಲಸ ಮುಂಬೈ ಪೀಠದ್ದು, ಚೆನ್ನೈಯಲ್ಲಿದ್ದರೆ ಚೆನ್ನೈಯದು. ಅಲ್ಲಿಗೆ ಓಡಬೇಕಾಗಿಲ್ಲ. ರಾಯಚೂರಿನಲ್ಲೇ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ದಾಖಲೆ ಸೇರಿಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬಹುದು. ಕೊನೆಯ ತಾರೀಕು ದಾಟಿದರೆ ಪೂರ್ತಿ ಕಳೆದುಹೋಗುವುದಿಲ್ಲ, ಆದರೆ ಅಷ್ಟರಲ್ಲಿ ಹಂಚಿದ್ದರಲ್ಲಿ ನಿಮಗೆ ಪಾಲಿಲ್ಲ. ಆಮೇಲೆ ಉಳಿದರೆ ಮಾತ್ರ. ಲಿಕ್ವಿಡೇಟರ್ ಪಾಲಿಸಿಯ ಮೌಲ್ಯ ಇಷ್ಟು ಅಂತ ನೋಟಿಸು ಕಳಿಸಿದರೆ ಬೀರುವಿನಲ್ಲಿ ಇಡಬೇಡಿ. ಒಪ್ಪಿಗೆ ಇಲ್ಲ ಅಂತ ಹೇಳಿದ ಸಮಯದೊಳಗೆ ಬರೆದು ತಿಳಿಸದಿದ್ದರೆ ಅವರು ಹಾಕಿದ ಮೊತ್ತಕ್ಕೆ ನೀವು ಬದ್ಧರು. ವಿಮಾ ಕಾಯ್ದೆಯ 60ನೇ ಸೆಕ್ಷನ್ ಸ್ಪಷ್ಟವಾಗಿದೆ.

ಪತ್ರದಲ್ಲಿ ನೀವು ಬರೆಯದ ಒಂದು ವಿಷಯ ಇದೆ. ಅರಳೆಯ ಸ್ಟಾಕ್ ಬ್ಯಾಂಕಿಗೆ ಹೈಪಾಥಿಕೇಷನ್ (ಅಡವು) ಆಗಿರುತ್ತದೆ, ಜಿನ್ನಿಂಗ್ ಲೈನಿನಲ್ಲಿ ಸಿಸಿ ಸಾಲ (ಸ್ಟಾಕ್ ಮೇಲೆ ಕೊಡುವ ಕ್ಯಾಶ್ ಕ್ರೆಡಿಟ್) ಇಲ್ಲದವರು ಅಪರೂಪ. ಹಾಗಿದ್ದರೆ ನಿಮ್ಮ ಪಾಲಿಸಿಯಲ್ಲಿ ಬ್ಯಾಂಕ್ ಕ್ಲಾಸ್ (ಬ್ಯಾಂಕಿನ ಷರತ್ತು) ಇರುತ್ತದೆ, ಕ್ಲೇಮಿನ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಅಂದರೆ ಕ್ಲೇಮು ಸಲ್ಲಿಸುವುದು ಬ್ಯಾಂಕಿನ ಕೆಲಸವೂ ಹೌದು. ಅವರ ಪ್ಯಾನಲ್ ವಕೀಲರು ಇಂಥದ್ದರಲ್ಲಿ ನಿಮಗಿಂತ ಚುರುಕಾಗಿರುತ್ತಾರೆ. ಇತ್ತ ಕಡೆ ಸಿಸಿ ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ, ವಿಮಾ ಕಂಪನಿ ದಿವಾಳಿ ಅಂತ ಅದು ನಿಲ್ಲುವುದಿಲ್ಲ. ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುವ ಮೊದಲೇ ಮ್ಯಾನೇಜರ್ ಎದುರು ಕೂತು ಸಾಲ ಪುನರ್ ಹೊಂದಿಕೆ ಮಾಡಿಸಿಕೊಳ್ಳಿ. ಈ ವಾರವೇ ಹೋಗಿ. ಸರ್ವೇಯರ್ ವರದಿಯ ಒಂದು ಝೆರಾಕ್ಸ್ ಜೊತೆಗೆ ಒಯ್ಯಿರಿ.